ನಾಲ್ಕು ಮಕ್ಕಳ ತಂದೆ

ಅಮೆರಿಕದ ವಕೀಲ ಬೆನ್ ಫೆರೆನ್ಸ್ ಅವರನ್ನು ನೆನೆದಾಗಲೆಲ್ಲ ನನ್ನ ಕಣ್ಣಿಗೆ ಕಟ್ಟುವುದು ಲೆಕ್ಕ ಕೂಡಿಸುವ ಒಂದು ಸಣ್ಣ ಯಂತ್ರ. ಯುದ್ಧ ಮುಗಿದ ಮೇಲೆ ಬರ್ಲಿನ್ನಿನಲ್ಲಿ ನಾಜಿಗಳ ಕಡತ ಜಾಲಾಡುತ್ತಿದ್ದ ಅವರ ತಂಡಕ್ಕೆ, ಹಿಟ್ಲರನ ಕೊಲೆಪಡೆಗಳು ಪೂರ್ವ ರಣರಂಗದಿಂದ ಕಳಿಸಿದ್ದ ವರದಿಗಳು ಸಿಕ್ಕವು. ಯಾವ ಊರು, ಎಷ್ಟು ಜನ, ಎಲ್ಲವೂ ಅದರಲ್ಲಿತ್ತು. ಫೆರೆನ್ಸ್ ಒಂದೊಂದೇ ಅಂಕಿ ಒತ್ತುತ್ತ ಹೋದರು. ಮೊತ್ತ ಹತ್ತು ಲಕ್ಷ ದಾಟಿದಾಗ ಕೂಡಿಸುವುದನ್ನು ನಿಲ್ಲಿಸಿ, ವಿಮಾನ ಹತ್ತಿ, ನಾಜಿಗಳ ವಿಚಾರಣೆ ನಡೆಯುತ್ತಿದ್ದ ನ್ಯೂರೆಂಬರ್ಗ್‌ಗೆ ಹೋಗಿ, ಮೇಲಧಿಕಾರಿ ಟೆಲ್ಫರ್ಡ್ ಟೇಲರ್ ಎದುರು ನಿಂತರು. ಇನ್ನೊಂದು ಮೊಕದ್ದಮೆಗೆ ಜನರಿಲ್ಲ ಎಂದರು ಟೇಲರ್. ಇರುವ ಕೆಲಸದ ಜೊತೆಗೆ ಇದನ್ನೂ ನಾನೇ ನಡೆಸುತ್ತೇನೆ ಎಂದರು ಇವರು. ಆಗ ವಯಸ್ಸು 27; ಅಲ್ಲಿಯವರೆಗೆ ಒಂದೇ ಒಂದು ಮೊಕದ್ದಮೆ ನಡೆಸಿದವರಲ್ಲ.

1920ರಲ್ಲಿ ಟ್ರಾನ್ಸಿಲ್ವೇನಿಯಾದ ಬಡ ಯಹೂದಿ ಮನೆಯಲ್ಲಿ ಹುಟ್ಟಿ, ಕೈಗೂಸಾಗಿಯೇ ನ್ಯೂಯಾರ್ಕ್ ಸೇರಿದವರು. ಹಾರ್ವರ್ಡ್‌ನಲ್ಲಿ ಕಾನೂನು ಓದಿ, ಫಿರಂಗಿ ದಳದ ಸಿಪಾಯಿಯಾಗಿ ನಾರ್ಮಂಡಿಯಲ್ಲಿಳಿದರು. ಕೊನೆಗೆ ಸಾಕ್ಷ್ಯ ಕಲೆಹಾಕಲು ಬುಖೆನ್‌ವಾಲ್ಡ್, ಮೌತ್‌ಹೌಸೆನ್ ಶಿಬಿರಗಳೊಳಗೆ ಕಾಲಿಟ್ಟರು. ಹೆಣಗಳ ರಾಶಿಯ ನಡುವೆ ನೇರ ಕಚೇರಿಗೆ ನಡೆದು, ಸತ್ತವರ ಹೆಸರಿನ ದಾಖಲೆಪುಸ್ತಕಗಳನ್ನು ವಶಕ್ಕೆ ತೆಗೆದುಕೊಳ್ಳುವುದು ಅವರ ಕೆಲಸವಾಗಿತ್ತು. ಅಂಥದ್ದನ್ನು ಕಂಡು ಮನೆಗೆ ಮರಳಿದವರು 1946ರಲ್ಲಿ ಗರ್ಟ್ರೂಡ್‌ರ ಕೈಹಿಡಿದು, ಅವರನ್ನೂ ಕರೆದುಕೊಂಡು ಅದೇ ಜರ್ಮನಿಗೆ ಹಿಂದಿರುಗಿದರು. ನಾಲ್ಕೂ ಮಕ್ಕಳು ಹುಟ್ಟಿದ್ದು ನ್ಯೂರೆಂಬರ್ಗ್‌ನಲ್ಲೇ.

ಫೆರೆನ್ಸ್ ನಡೆಸಿದ ಆ ಮೊಕದ್ದಮೆಯ ಕಟಕಟೆಯಲ್ಲಿದ್ದ 22 ಜನ ಕೊಲೆಪಡೆಯವರಲ್ಲಿ ಮುಖ್ಯನಾದವನು ಒಟ್ಟೋ ಓಲೆಂಡಾರ್ಫ್. ಅವನೂ ಓದಿದವನೇ, ಅವನೂ ಸಂಸಾರಸ್ಥ, ಐದು ಮಕ್ಕಳ ತಂದೆ. ತನ್ನ ಪಡೆ 90,000 ಜನರನ್ನು ಕೊಂದಿತೆಂದು ತಾನೇ ಒಪ್ಪಿಕೊಂಡಿದ್ದ. ಮಕ್ಕಳನ್ನೇಕೆ ಕೊಂದಿರಿ ಎಂದರೆ, ಹೆತ್ತವರನ್ನು ಕಳಕೊಂಡ ಮಕ್ಕಳು ಮುಂದೆ ಬೆಳೆದು ನಮ್ಮ ಮೇಲೆ ತಿರುಗಿಬೀಳುತ್ತಾರೆ ಎಂಬ ಉತ್ತರ. ಇದನ್ನು ಓದಿದಾಗಲೆಲ್ಲ ನನ್ನ ಕೈ ತಣ್ಣಗಾಗುತ್ತದೆ. ಮನೆಯ ಮಕ್ಕಳ ಮೇಲಿನ ಅಕ್ಕರೆ ಹೊಸಿಲು ದಾಟದಿದ್ದರೆ ಮನುಷ್ಯ ಎಲ್ಲಿಗೆ ಬೇಕಾದರೂ ಹೋಗಬಲ್ಲ. ಫೆರೆನ್ಸ್ ಅವರ ಬದುಕೆಲ್ಲ ಆ ಹೊಸಿಲು ದಾಟುವ ಪ್ರಯತ್ನವೇ ಎಂದು ನನಗನ್ನಿಸುತ್ತದೆ. ಎರಡೇ ದಿನದಲ್ಲಿ ನಾಜಿಗಳದೇ ಕಾಗದಗಳನ್ನು ಮುಂದಿಟ್ಟು ಅವರು ವಾದ ಮುಗಿಸಿದರು. ಗಲ್ಲು ಮಾತ್ರ ಕೇಳಲಿಲ್ಲ. ಹತ್ತು ಲಕ್ಷ ಜೀವಗಳಿಗೆ ಬೆರಳೆಣಿಕೆಯ ಕೊರಳುಗಳು ಸಮವಾಗಲಾರವು ಎಂಬುದು ಅವರ ನಿಲುವು. ಎಲ್ಲರೂ ಅಪರಾಧಿಗಳೆಂದಾಯಿತು. ಓಲೆಂಡಾರ್ಫ್‌ನನ್ನು 1951ರಲ್ಲಿ ಗಲ್ಲಿಗೇರಿಸಿದರು.

ಆಮೇಲೆ ಸುಮ್ಮನೆ ವಕೀಲಿ ಮಾಡಿಕೊಂಡು ಇರಬಹುದಿತ್ತು. ಆದರೆ ಬದುಕುಳಿದವರಿಗೆ ಆಸ್ತಿ, ಪರಿಹಾರ ಕೊಡಿಸಲು ವರ್ಷಗಟ್ಟಲೆ ದುಡಿದರು. ವಿಯೆಟ್ನಾಂ ಯುದ್ಧದ ಹೊತ್ತಿಗೆ ಖಾಸಗಿ ವಕೀಲಿಯಿಂದ ಮನಸ್ಸು ತೆಗೆದು, ಯುದ್ಧ ಹೂಡುವವರನ್ನು ವಿಚಾರಿಸಲು ಶಾಶ್ವತ ನ್ಯಾಯಾಲಯವೊಂದು ಬೇಕೆಂದು ಬರೆಯುತ್ತ, ಕಂಡವರಿಗೆಲ್ಲ ಹೇಳುತ್ತ ದಶಕಗಳನ್ನೇ ಕಳೆದರು. ಗರ್ಟ್ರೂಡ್ ಪಕ್ಕದಲ್ಲಿದ್ದರು, ತಮ್ಮಿಬ್ಬರ ನಡುವೆ ಒಂದು ಜಗಳವೂ ಆಗಿಲ್ಲವೆಂದು ಫೆರೆನ್ಸ್ ಹೆಮ್ಮೆಯಿಂದ ಹೇಳುತ್ತಿದ್ದರು. ಆಕೆ 2019ರಲ್ಲಿ ತೀರಿಕೊಂಡರು, ಇವರು 2023ರಲ್ಲಿ, 103ನೇ ವಯಸ್ಸಿನಲ್ಲಿ.

2011ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ತನ್ನ ಮೊದಲ ಮೊಕದ್ದಮೆಯ ಸಮಾರೋಪ ವಾದದಲ್ಲಿ ಮಾತಾಡಲು ಅವರನ್ನು ಕರೆಯಿತು. 91ರ ಮುದುಕ ಎದ್ದು ನಿಂತರು. ಆರೋಪಿ ಕಾಂಗೋದ ಥಾಮಸ್ ಲುಬಾಂಗಾ. ಆರೋಪ, ಹದಿನೈದು ತುಂಬದ ಮಕ್ಕಳ ಕೈಗೆ ಬಂದೂಕು ಕೊಟ್ಟು ಕಾಳಗಕ್ಕೆ ನೂಕಿದ್ದು. ಮರುವರ್ಷ ಶಿಕ್ಷೆಯಾಯಿತು. ಅಷ್ಟು ಕಾಲ ಹೋರಾಡಿ ಕಟ್ಟಲು ನೆರವಾದ ಈ ನ್ಯಾಯಾಲಯಕ್ಕೆ ಅವರದೇ ದೇಶ ಅಮೆರಿಕ ಇನ್ನೂ ಸೇರಿಲ್ಲ. ನಮ್ಮ ಭಾರತವೂ ಸೇರಿಲ್ಲ, ಸೇರಬೇಕೆಂಬುದು ನನ್ನ ಆಸೆ.