ಮಿಕ್ಕ ಚಿಲ್ಲರೆಗೂ ಜಾಗವಿರುವ ಲೆಕ್ಕ

ಕೈಯಲ್ಲಿರುವುದು 120 ರೂಪಾಯಿ. ರಿಜಿಸ್ಟರಿಗೆ 40, ಪೆನ್ನಿಗೆ 20. ಯಾವುದನ್ನು ಎಷ್ಟು ಕೊಳ್ಳಬಹುದು? ಕರ್ನಾಟಕದ ಪ್ರಥಮ ಪಿಯುಸಿಯಲ್ಲೂ ಓದಿಸುವ ಎನ್‌ಸಿಇಆರ್‌ಟಿ ಗಣಿತ ಪುಸ್ತಕ ರೇಖಾತ್ಮಕ ಅಸಮತೆಗಳ ಪಾಠವನ್ನು ಇಂಥ ಲೆಕ್ಕಗಳಿಂದಲೇ ಆರಂಭಿಸುತ್ತದೆ. ರಿಜಿಸ್ಟರು ‘ಕ್ಷ’, ಪೆನ್ನು ‘ಯ’ ಆದರೆ 40ಕ್ಷ + 20ಯ ≤ 120. ಇಪ್ಪತ್ತರಿಂದ ಭಾಗಿಸಿದರೆ 2ಕ್ಷ + ಯ ≤ 6.

ಬಿಡಿಸುವಾಗ ದುಬಾರಿ ವಸ್ತುವನ್ನು ಮೊದಲು ಹಿಡಿಯುವುದು ಜಾಣತನ. ಮೂರು ರಿಜಿಸ್ಟರು ಕೊಂಡರೆ ಪೆನ್ನಿಗೆ ಕಾಸಿಲ್ಲ, ದಾರಿ ಒಂದೇ. ಎರಡಾದರೆ ಪೆನ್ನು ಸೊನ್ನೆಯಿಂದ ಎರಡರವರೆಗೆ, ಮೂರು ದಾರಿ. ಒಂದಾದರೆ ಐದು, ಒಂದೂ ಬೇಡವೆಂದರೆ ಏಳು. 1, 3, 5, 7 ಕೂಡಿದರೆ 16, ಅಂದರೆ ನಾಲ್ಕರ ವರ್ಗ. ಕೈಗೆ ಇನ್ನೂ 40 ರೂಪಾಯಿ ಬಂದರೆ 25, ಮತ್ತೆ 40 ಬಂದರೆ 36. ಅಂಗಡಿ ಲೆಕ್ಕದೊಳಗಿಂದ ವರ್ಗಸಂಖ್ಯೆಗಳು ಸಾಲಾಗಿ ಹೊರಡುವ ಈ ಸೊಗಸು ಸೂತ್ರ ಉರುಹೊಡೆದವರಿಗೆ ಕಾಣದು. ಒಂದೊಂದಾಗಿ ಎಣಿಸಿದವರಿಗೆ ಮಾತ್ರ ಕಾಣುತ್ತದೆ.

ಈ ಸೊಗಸನ್ನು ಕೆಡಿಸುವವರು ಎರಡು ಬಗೆ. ಮೊದಲನೆಯವರು ‘≤’ ಇರುವಲ್ಲಿ ‘=’ ಬರೆಯುತ್ತಾರೆ. ಆಗ ಉಳಿಯುವುದು ನಾಲ್ಕೇ ಉತ್ತರ, ಹನ್ನೆರಡು ಮಾಯ. ಹಣವೆಲ್ಲ ಖರ್ಚಾಗಲೇಬೇಕೆಂದು ಪ್ರಶ್ನೆ ಎಲ್ಲಿ ಹೇಳಿದೆ? ಜೇಬಿನಲ್ಲಿ ಮಿಕ್ಕ ಚಿಲ್ಲರೆಯೂ ಉತ್ತರದ ಭಾಗವೇ. ಎರಡನೆಯವರು ನಕ್ಷೆಯಲ್ಲಿ ಈ ಅಸಮತೆಯ ಇಡೀ ತ್ರಿಕೋನಕ್ಕೆ ಬಣ್ಣ ಬಳಿದರೆ ಪೂರ್ಣ ಅಂಕ ಕೊಡುತ್ತಾರೆ. ಅರ್ಧ ಪೆನ್ನು, ಮುಕ್ಕಾಲು ರಿಜಿಸ್ಟರು ಯಾವ ಅಂಗಡಿಯಲ್ಲಿ ಸಿಗುತ್ತವೆ? ತೂಗಿ ಕೊಡುವ ಅಕ್ಕಿ ಬೇಳೆಗೆ ಬಣ್ಣ ಸರಿ. ಎಣಿಸಿ ಕೊಡುವ ಸಾಮಾನಿಗೆ ಹದಿನಾರು ಚುಕ್ಕೆ ಇಡಬೇಕು. ಚುಕ್ಕೆ ಇಟ್ಟ ಮಗುವಿನ ಅಂಕ ಕತ್ತರಿಸುವುದು ಅನ್ಯಾಯ.

ಚಿಹ್ನೆ ತಿರುಗಿಸುವ ನಿಯಮವನ್ನೂ ಹೀಗೇ ಯೋಚಿಸದೆ ಬಳಸುತ್ತಾರೆ. ಹತ್ತಿರದ ಅಂಗಡಿಯಲ್ಲಿ ಅಕ್ಕಿ ಕಿಲೋಗೆ 60, ಮಂಡಿಯಲ್ಲಿ 52, ಮಂಡಿಗೆ ಹೋಗಿಬರುವ ಬಸ್ಸಿಗೆ 40 ಎನ್ನೋಣ. ‘ಕ್ಷ’ ಕಿಲೋ ಕೊಳ್ಳುವಾಗ ಮಂಡಿ ಅಗ್ಗವಾಗಬೇಕಾದರೆ 52ಕ್ಷ + 40 < 60ಕ್ಷ. ಅವ್ಯಕ್ತವನ್ನು ಎಡಕ್ಕೆ ತಂದೇ ತೀರಬೇಕೆಂದು ಹಟ ಹಿಡಿದರೆ −8ಕ್ಷ < −40 ಆಗಿ, ಋಣಸಂಖ್ಯೆಯಿಂದ ಭಾಗಿಸಿ ಚಿಹ್ನೆ ತಿರುಗಿಸಬೇಕು. ಬಲಕ್ಕೇ ಬಿಟ್ಟರೆ 40 < 8ಕ್ಷ. ಐದು ಕಿಲೋ ಮೀರಿದರೆ ಮಂಡಿಯೇ ಲಾಭ. ತಿರುಗಿಸುವ ಗೊಡವೆಯೇ ಇಲ್ಲ.

ವಸ್ತುಗಳು ಹೆಚ್ಚಿದರೆ ಕೈಯೆಣಿಕೆ ಸಾಲದು. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1945ರಲ್ಲಿ 77 ಆಹಾರವಸ್ತುಗಳನ್ನು ಮುಂದಿಟ್ಟು, ಒಂಬತ್ತು ಪೋಷಕಾಂಶಗಳಲ್ಲಿ ಪ್ರತಿಯೊಂದೂ ‘ಕನಿಷ್ಠ ಇಷ್ಟು’ ಸಿಗುವಂತೆ ಅತಿ ಅಗ್ಗದ ಊಟ ಯಾವುದೆಂದು ಹುಡುಕಿದರು. ಊಹೆ, ತರ್ಕಗಳಿಂದ ಅವರು ಮುಟ್ಟಿದ ಮೊತ್ತ, 1939ರ ಬೆಲೆಯಲ್ಲಿ, ವರ್ಷಕ್ಕೆ 39.93 ಡಾಲರ್. 1947ರಲ್ಲಿ ಗಣಿತಜ್ಞ ಜಾರ್ಜ್ ಡಾನ್‌ಟ್ಸಿಗ್ ಅವರು ರೂಪಿಸಿದ, ಇಂಥ ಅಸಮತೆಗಳ ನಡುವೆ ಅತಿ ಅಗ್ಗದ ಉತ್ತರ ಹುಡುಕುವ ಸಿಂಪ್ಲೆಕ್ಸ್ ವಿಧಾನದಿಂದ ಅದನ್ನೇ ಬಿಡಿಸಿದಾಗ ಬಂದದ್ದು 39.69. ಆ 24 ಸೆಂಟು ಇಳಿಸಲು ಮೇಜಿನ ಲೆಕ್ಕಯಂತ್ರಗಳ ಮುಂದೆ ಸುಮಾರು 120 ಆಳುದಿನಗಳ ದುಡಿಮೆ ಬೇಕಾಯಿತು. ಅಷ್ಟು ದುಡಿದ ಮೇಲೆ, ಅದಕ್ಕಿಂತ ಅಗ್ಗದ ಊಟ ಆ ಪಟ್ಟಿಯಲ್ಲಿಲ್ಲ ಎಂಬುದು ಸಿದ್ಧವಾಯಿತು.