ಅಪ್ಪನ ಸಮಾಧಿಗೆ ಕ್ಯೂಆರ್ ಕೋಡ್ ಬೇಕಾ?

ನಮ್ಮ ತಿಪಟೂರು ಕಡೆ ಬಹಳ ಮನೆಗಳಲ್ಲಿ ಹಿರಿಯರನ್ನ ಸುಡೋದಿಲ್ಲ, ಮಣ್ಣು ಮಾಡ್ತಾರೆ. ಅದೂ ಎಷ್ಟೋ ಜನ ಸ್ವಂತ ತೋಟದಲ್ಲೇ. ಹಾಗಾಗಿ ನಮಗೆ ಸಮಾಧಿ ನೋಡೋಕೆ ಹೋಗೋದು ಅಂದ್ರೆ ತೋಟಕ್ಕೆ ಹೋಗೋದು, ಅಷ್ಟೆ. ಮೋಟಾರ್ ಹಾಕೋಕೆ ಹೋದವರು ಹಾಗೇ ತಾತನ ಕಲ್ಲಿನ ಹತ್ರ ಒಂದು ನಿಮಿಷ ನಿಂತು, ಬಿದ್ದಿರೋ ಗರಿ ಎಳೆದು ಪಕ್ಕಕ್ಕೆ ಹಾಕಿ ಬರ್ತಾರೆ.

ತಾತನಿಗೆ ಕಲ್ಲಿದೆ. ಅಪ್ಪನಿಗೂ ಇದೆ. ಅಜ್ಜಿಗೆ ಇಲ್ಲ. ಅಜ್ಜಿ ತೀರಿಕೊಂಡಿದ್ದು 1984ರಲ್ಲಿ. ಆಗ ದುಡ್ಡಿರಲಿಲ್ಲವೋ, ಆಮೇಲೆ ಹಾಕಿಸೋಣ ಅಂತ ಹಾಗೇ ಉಳಿದುಹೋಯ್ತೋ, ಅಂತೂ ಬರೀ ಮಣ್ಣು. ಜಾಗ ಗೊತ್ತಿರೋದು ಈಗ ಇಬ್ಬರಿಗೇ, ಅಮ್ಮನಿಗೆ ಮತ್ತು ಚಿಕ್ಕಪ್ಪನಿಗೆ. ಅವರಿಬ್ಬರಿಗೂ ಒಂದು ತೆಂಗಿನಮರದಷ್ಟು ಭಿನ್ನಾಭಿಪ್ರಾಯ ಇದೆ!

ಇದನ್ನೆಲ್ಲ ಈಗ ಬರೀತಿರೋದಕ್ಕೆ ಕಾರಣ ತಂಗಿ. ಅವಳಿರೋದು ಅಮೆರಿಕದಲ್ಲಿ. 2021ರ ಮೇ ತಿಂಗಳಲ್ಲಿ, ಎರಡನೇ ಅಲೆಯ ನಡುವೆ ಅಪ್ಪ ಹೋದಾಗ ಅವಳಿಗೆ ಬರೋಕಾಗಲಿಲ್ಲ. ಎಲ್ಲವನ್ನೂ ವಾಟ್ಸಾಪ್ ವಿಡಿಯೋದಲ್ಲೇ ನೋಡಿದಳು. ತೋಟದಲ್ಲಿ ಸಿಗ್ನಲ್ ಸಿಗೋದು ಬಾವಿ ಹತ್ರ ಮಾತ್ರ. ನಾನು ಬಾವಿ ಕಟ್ಟೆ ಮೇಲೆ ನಿಂತು ಫೋನ್ ಹಿಡಿದಿದ್ದೆ. ಮಣ್ಣು ಹಾಕೋ ಹೊತ್ತಿಗೆ ಸರಿಯಾಗಿ ಚಿತ್ರ ನಿಂತುಹೋಯ್ತು, ದನಿ ಮಾತ್ರ ಬರ್ತಿತ್ತು ಅಂತ ಅವಳು ಇವತ್ತಿಗೂ ಹೇಳ್ತಾಳೆ. ಆಮೇಲಿಂದ ಪ್ರತಿ ವರ್ಷ ಪಿತೃಪಕ್ಷದಲ್ಲಿ ಎಡೆ ಇಡುವಾಗ ಕಾಲ್ ಮಾಡ್ತಾಳೆ. ಅಪ್ಪನ ಎಡೆಗೆ ಒಂದು ಕಟ್ಟು ಬೀಡಿ ಇಟ್ಟಿದ್ದೀವಾ ಅಂತ ನೋಡ್ತಾಳೆ. "ಅಣ್ಣ, ಫೋನ್ ಸ್ವಲ್ಪ ಕೆಳಗಿಳಿಸು, ಮಣ್ಣು ಕಾಣ್ಲಿ" ಅಂತಾಳೆ.

ಈ ಸಲ ಅವಳದೊಂದು ಹೊಸ ಯೋಚನೆ. ಅಪ್ಪನ ಕಲ್ಲಿಗೆ ಕ್ಯೂಆರ್ ಕೋಡ್ ಕೆತ್ತಿಸೋಣ, ಸ್ಕ್ಯಾನ್ ಮಾಡಿದ್ರೆ ಅಪ್ಪನ ಫೋಟೋ, ಸೋಬಾನೆ ಪದ ಅಣಕಿಸಿ ಹಾಡಿದ್ದ ಆ ವಾಯ್ಸ್ ಮೆಸೇಜು ಎಲ್ಲ ಬರೋ ಹಾಗೆ. ಇದೇನೂ ಅವಳು ಕಂಡುಹಿಡಿದದ್ದಲ್ಲ. ಜಪಾನಿನಲ್ಲಿ 2008ರಲ್ಲೇ ಇಂಥ ಸಮಾಧಿ ಕಲ್ಲು ಮಾರೋಕೆ ಬಂದಿತ್ತು. 2023ರಲ್ಲಿ ಕೇರಳದ ತ್ರಿಶೂರು ಕಡೆಯ ಒಂದು ಸಮಾಧಿಯ ಸುದ್ದಿ ಪತ್ರಿಕೆಗಳಲ್ಲೂ ಬಂತು. ಹಾಂಗ್‌ಕಾಂಗಿನಲ್ಲಂತೂ ಸರ್ಕಾರವೇ ಜಾಲತಾಣ ನಡೆಸುತ್ತೆ, ತೀರಿಹೋದವರಿಗೆ ಒಂದು ಪುಟ ಮಾಡಿ, ಪರದೆ ಮೇಲೇ ಹಣ್ಣು ಹೂವು ಇಡಬಹುದು. ಜಾಗವೇ ಇಲ್ಲದ ಊರು, ಪಾಪ, ಅವರಿಗೆ ಅದು ಅನಿವಾರ್ಯ. 2020ರ ಏಪ್ರಿಲ್‌ನಲ್ಲಿ ಚೀನಾದ ಎಷ್ಟೋ ಸ್ಮಶಾನಗಳು ಮುಚ್ಚಿದ್ದಾಗ ಚಿಂಗ್‌ಮಿಂಗ್ ಹಬ್ಬದ ಸಮಾಧಿ ಪೂಜೆಯನ್ನೂ ಜನ ಹೀಗೇ ದೂರದಿಂದ ಮಾಡಿದ್ರು.

ನಾನು ಕಂಪ್ಯೂಟರಿನಲ್ಲೇ ಅನ್ನ ತಿನ್ನೋನು. ಆದ್ರೂ ಕ್ಯೂಆರ್ ಕೋಡ್ ಅಂದಾಗ ಮನಸ್ಸು ಹಿಂದೇಟು ಹಾಕಿತು. ಕೋಡಿನದೇನೂ ತಕರಾರಿಲ್ಲ. ಸರಿಯಾಗಿ ಮಾಡಿದ್ರೆ ಶೇಕಡ 30ರಷ್ಟು ಅಳಿಸಿಹೋದರೂ ಓದೋಕೆ ಬರುತ್ತೆ, ಗ್ರಾನೈಟಿನ ಮೇಲೆ ಪಾಚಿ ಕಟ್ಟಿದ್ರೆ ಉಜ್ಜಬಹುದು. ಆದ್ರೆ ಆ ಚೌಕದೊಳಗೆ ಅಪ್ಪ ಇರೋದಿಲ್ಲ, ಒಂದು ವಿಳಾಸ ಇರುತ್ತೆ ಅಷ್ಟೆ. ಆ ವಿಳಾಸದಲ್ಲಿ ಮನೆ ಇರಬೇಕಲ್ಲ? ಪ್ರತಿ ವರ್ಷ ಡೊಮೇನಿಗೆ ದುಡ್ಡು ಕಟ್ಟೋರು ಯಾರು, ನಾನು ಹೋದ ಮೇಲೆ? ಬಿಟ್ಟಿ ಜಾಗದಲ್ಲಿ ಇಡೋಣ ಅಂದ್ರೆ, ಜಿಯೋಸಿಟೀಸ್ ಮುಚ್ಚಿದ್ದು 2009ರಲ್ಲಿ, ಆರ್ಕುಟ್ 2014ರಲ್ಲಿ, ಗೂಗಲ್ ಪ್ಲಸ್ 2019ರಲ್ಲಿ. ಆರ್ಕುಟ್ಟಿನ ಸ್ಕ್ರ್ಯಾಪುಗಳು ನೆನಪಿದ್ಯಾ? ನನ್ನವೂ ಹೋದವು. ಇತ್ತ ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಒಂದು ವೀರಗಲ್ಲು ಸಿಕ್ತು. ಕಿತ್ತಯ್ಯ ಅನ್ನೋನು ಕಾದಿ ಸತ್ತ ಅಂತ ಅದರಲ್ಲಿ ಬರೆದಿದೆ, ಸುಮಾರು ಕ್ರಿ.ಶ. 750ರದ್ದು. ಯಾರೂ ದುಡ್ಡು ಕಟ್ಟಿರಲಿಲ್ಲ, ಯಾರೂ ಪಾಸ್‌ವರ್ಡ್ ನೆನಪಿಟ್ಟಿರಲಿಲ್ಲ. (ಕಲ್ಲನ್ನೂ ಚಪ್ಪಡಿ ಮಾಡಿ ಚರಂಡಿಗೆ ಹಾಕೋರು ಇದ್ದಾರೆ ಬಿಡಿ. ಅದಕ್ಕೇ ಮಿಥಿಕ್ ಸೊಸೈಟಿಯವರು 2021ರಿಂದ ಈ ಶಾಸನಗಳನ್ನ 3ಡಿ ಸ್ಕ್ಯಾನ್ ಮಾಡ್ತಾ ಇದ್ದಾರೆ. ಕಲ್ಲು ಹೋದರೂ ಅಕ್ಷರ ಉಳೀಲಿ ಅಂತ. ಈ ಕೆಲಸಕ್ಕೆ ನನ್ನದು ಎರಡೂ ಕೈ ನಮಸ್ಕಾರ.)

ದೊಡ್ಡದಾಗಿ ಇದನ್ನ ಮಾಡಿ ತೋರಿಸಿರೋದು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್. ಎರಡು ಮಹಾಯುದ್ಧಗಳಲ್ಲಿ ಸತ್ತ ಸುಮಾರು 17 ಲಕ್ಷ ಜನರ ಹೆಸರು ಅವರ ಹತ್ರ ಇದೆ. 1998ರಿಂದ ಅದನ್ನ ಅಂತರ್ಜಾಲದಲ್ಲೇ ಹುಡುಕಬಹುದು, ಯಾವ ಸ್ಮಶಾನ, ಯಾವ ಸಾಲು, ಎಷ್ಟನೇ ಸಮಾಧಿ ಅಂತ. 1918ರ ಸೆಪ್ಟೆಂಬರ್ 23ಕ್ಕೆ ಹೈಫಾ ಗೆದ್ದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಇದ್ದರಲ್ಲ, ಆ ಊರಿನ ಭಾರತೀಯ ಸೈನಿಕರ ಸ್ಮಶಾನವೂ ಅವರ ಪಟ್ಟಿಯಲ್ಲಿದೆ. ಆದ್ರೆ ಗಮನಿಸಿ, ಅವರ ಕೆಲಸ ಶುರುವಾಗಿದ್ದು 1917ರಲ್ಲಿ, ಕಾಗದ ಪೆನ್ಸಿಲ್ಲಿನಲ್ಲಿ. ಕಂಪ್ಯೂಟರ್ ಬಂದಿದ್ದು ಎಂಬತ್ತು ವರ್ಷ ಆದ್ಮೇಲೆ. ಇವತ್ತಿಗೂ ಹುಲ್ಲು ಕತ್ತರಿಸೋಕೆ ಮಾಲಿಗಳೇ ಬೇಕು.

ನಮ್ಮ ತೋಟಕ್ಕೆ ಬರ್ತೀನಿ. ಚಿಕ್ಕಪ್ಪನ ಮಕ್ಕಳು ಪಾಲು ಕೇಳಿದ್ದಾರೆ. ತಪ್ಪೇನಿಲ್ಲ, ಅವರಿಗೂ ಮನೆ ಕಟ್ಟಬೇಕು. ಸರ್ವೆಯವರು ಬರೋದಿದೆ. ಬಾವಿಯ ಆ ಕಡೆಯದು ಅವರಿಗೆ ಹೋದ್ರೆ ಅಜ್ಜಿ ಅಲ್ಲಿಗೆ ಹೋಗ್ತಾಳೆ, ನಾಳೆ ಅಲ್ಲಿ ಪಾಯ ತೆಗೆದ್ರೆ? ಅದಕ್ಕೇ ಹೋದ ತಿಂಗಳು ನಾನು ಮೊಬೈಲ್ ಹಿಡಿದು ಮ್ಯಾಪಿನಲ್ಲಿ ಮೂರೂ ಸಮಾಧಿ ಗುರುತು ಮಾಡೋಕೆ ಹೊರಟೆ. ಮೊಬೈಲ್ ಜಿಪಿಎಸ್ಸು ಬಯಲಲ್ಲೇ ಐದು ಮೀಟರ್ ಆಚೀಚೆ ಹೇಳುತ್ತೆ, ಮರದ ಕೆಳಗೆ ಇನ್ನೂ ಜಾಸ್ತಿ. ತೆಂಗಿನಸಾಲಿನಲ್ಲಿ ಮರದಿಂದ ಮರಕ್ಕೆ ಇರೋದೇ ಇಪ್ಪತ್ತೈದು ಅಡಿ. ಅಂದ್ರೆ ಅಮ್ಮ, ಚಿಕ್ಕಪ್ಪನ ಜಗಳವನ್ನ ಉಪಗ್ರಹವೂ ಬಗೆಹರಿಸಲಿಲ್ಲ.

ಚಿಕ್ಕಪ್ಪ ನೋಡ್ತಾ ನಿಂತಿದ್ರು. "ಎಲ್ಲಾನೂ ಫೋನ್‌ಗೇ ಹಾಕ್ಕೊಂಡ್ರೆ ಇನ್ನು ಊರಿಗ್ಯಾಕಪ್ಪ ಬರ್ತೀಯ?" ಅಂದ್ರು. ತಮಾಷೆಗೇ ಅಂದಿದ್ದು, ಆದ್ರೂ ಚುಚ್ಚಿತು. ಬೆಂಗಳೂರಿನಿಂದ ನಾನು ವರ್ಷಕ್ಕೆ ಹೋಗೋದು ಮೂರೋ ನಾಲ್ಕೋ ಸಲ. "ಬರದೇ ಇರೋರಿಗೆ ಇದು ಚಿಕ್ಕಪ್ಪ" ಅಂದೆ. ಅವರು ಮಾತಾಡದೆ ಮನೆಗೆ ಹೋಗಿ ಟೇಪು ತಂದ್ರು. ಬಾವಿ ಕಟ್ಟೆಯ ಮೂಲೆಯಿಂದ, ಬದುವಿನ ಗಡಿಕಲ್ಲಿನಿಂದ, ಎರಡು ಕಡೆಯಿಂದ ಅಳೆದ್ವಿ. ಅಮ್ಮ ಬಂದು ನಿಂತು, "ಅವತ್ತು ಇಲ್ಲೊಂದು ಹಲಸಿನ ಗಿಡ ಇತ್ತು, ಅದರ ನೆರಳು ಅತ್ತೆ ಮೇಲೆ ಬೀಳ್ತಿತ್ತು" ಅಂದಳು. ಹಲಸಿನ ಮಾತು ಕೇಳಿದ್ದೇ ಚಿಕ್ಕಪ್ಪ ಎರಡು ಹೆಜ್ಜೆ ಈಚೆ ಬಂದ್ರು. ನಲವತ್ತು ವರ್ಷದ ಜಗಳ ಅಲ್ಲಿಗೆ ಮುಗೀತು. ಆ ಮಾತುಕತೆ ಪೂರ್ತಿ ನನ್ನ ಫೋನಿನಲ್ಲಿ ರೆಕಾರ್ಡ್ ಆಗಿದೆ. ಅದನ್ನ ಮೂರು ಕಡೆ ಕಾಪಿ ಮಾಡಿ ಇಟ್ಟಿದ್ದೀನಿ, ಒಂದು ತಂಗಿ ಹತ್ರ.

ಅಳತೆಯನ್ನ ಪಾಲುಪಟ್ಟಿಯಲ್ಲೂ ಬರೆಸ್ತೀವಿ, ಸಮಾಧಿ ಜಾಗ ಯಾರ ಪಾಲಿಗೂ ಸೇರದ ಹಾಗೆ, ಹೋಗಿಬರೋಕೆ ದಾರಿ ಬಿಟ್ಟು. ಮ್ಯಾಪಿನ ಗುರುತು ದಾರಿ ತೋರಿಸಬಹುದು, ಬೇಲಿ ತೆಗೆಸೋದಿಲ್ಲ. ತಮ್ಮಂದಿರು ಒಪ್ಪಿದ್ದಾರೆ.

ಅಪ್ಪನ ಹಳೇ ನಂಬರಿಗೆ ಈಗಲೂ ರೀಚಾರ್ಜ್ ಮಾಡಿಸ್ತೀನಿ, ಅದು ಅಮ್ಮನ ಹಟ. ಮಾಡದೆ ಬಿಟ್ರೆ ನಂಬರ್ ಇನ್ಯಾರಿಗೋ ಹೋಗುತ್ತೆ, 120 ದಿನ ಬಳಸದೇ ಇದ್ರೆ ವಾಟ್ಸಾಪ್ ಖಾತೆ ಅಳಿಸಿಹೋಗುತ್ತೆ. ಆ ಫೋನ್ ದೇವರ ಗೂಡಿನ ಪಕ್ಕ ಚಾರ್ಜಿಗೆ ಇರುತ್ತೆ. ಇದಕ್ಕಿಂತ ದೊಡ್ಡ ಡಿಜಿಟಲ್ ಸಮಾಧಿ ಯಾವುದಿದೆ ಹೇಳಿ?

ತಂಗಿ ಡಿಸೆಂಬರಿನಲ್ಲಿ ಬರ್ತಾಳೆ. ಕ್ಯೂಆರ್ ಕೋಡ್ ಮಾತು ಆಮೇಲೆ, ಮೊದಲು ಅತ್ತೆಗೆ ಕಲ್ಲು ಆಗ್ಲಿ ಅಂತ ಅಮ್ಮ ಕಡ್ಡಿ ಮುರಿದಂತೆ ಹೇಳಿದ್ದಾಳೆ. ಈಗ ಹೊಸ ತಲೆನೋವು: ಅಜ್ಜಿಯನ್ನ ಊರೆಲ್ಲ ಕರೀತಿದ್ದ ಹೆಸರು ಒಂದು, ಹಳೇ ಪಹಣಿಯಲ್ಲಿರೋ ಹೆಸರು ಇನ್ನೊಂದು. ಕಲ್ಲಿಗೆ ಯಾವುದು ಕೆತ್ತಿಸೋದು? ನಿಮ್ಮ ಮನೆಗಳಲ್ಲಿ ಹೇಗೆ ಮಾಡಿದ್ದೀರಿ, ತಿಳಿದವರು ಹೇಳಿ.