ಮೇಸ್ತ್ರಿಯ ಪುಸ್ತಕ

2018ರ ಬೇಸಿಗೆ. ಬೆಂಗಳೂರಿನ ಹೊರವಲಯದ ಒಂದು ಇಟ್ಟಿಗೆ ಗೂಡಿಗೆ ಚರ್ಚಿನ ಕಡೆಯಿಂದ ಹೋಗುತ್ತಿದ್ದೆವು. ಭಾನುವಾರದ ಪೂಜೆ ಮುಗಿಸಿಕೊಂಡು ಅಕ್ಕಿ, ಬೇಳೆ ಒಯ್ದು ಮೇಸ್ತ್ರಿಯ ಕೈಗೆ ಕೊಡುತ್ತಿದ್ದೆವು. ಮಕ್ಕಳಿಗೆ ಅಕ್ಷರ ಹೇಳಿಕೊಡುತ್ತಿದ್ದೆವು. ಕೆಲಸದವರೆಲ್ಲ ರಾಯಚೂರು ಕಡೆಯವರು. ಮಾಲೀಕ ನಮಗೆ ಕುರ್ಚಿ ಹಾಕಿಸುತ್ತಿದ್ದ.

ನಾಲ್ಕು ತಿಂಗಳಾಗಿತ್ತು. ಒಬ್ಬ ತಾಯಿಯ ಕಂಕುಳಲ್ಲಿದ್ದ ಮಗುವಿನ ಮೈ ಸುಡುತ್ತಿತ್ತು. ಆಸ್ಪತ್ರೆಗೆ ಹೋಗಮ್ಮ ಎಂದೆ.

"ಹೊರಗ ಬಿಡಂಗಿಲ್ರೀ ಅಣ್ಣಾ. ಮುಂಗಡ ತೀರಿಲ್ಲ."

ಮುಂಗಡ 15,000 ರೂಪಾಯಿ. ಎರಡು ವರ್ಷ ದುಡಿದ ಮೇಲೆ ಮೇಸ್ತ್ರಿಯ ಪುಸ್ತಕದಲ್ಲಿ ಅದು 40,000 ದಾಟಿತ್ತು. ನಾವು ಕೊಟ್ಟ ಅಕ್ಕಿಯನ್ನೂ ಅವರ ಸಾಲಕ್ಕೆ ಬರೆದಿದ್ದರು.

ಮರುವಾರ ಆ ಪುಸ್ತಕದ ಫೋಟೊ ತೆಗೆಯುವಾಗ ಸಿಕ್ಕಿಬಿದ್ದೆ. ಮೂವರು ಬಂದರು. ಫೋನ್ ಕಿತ್ತುಕೊಂಡರು. ಸೌದೆಯಿಂದ ಬಲಗೈಗೆ ಹೊಡೆದರು. ಹೊಟ್ಟು ತುಂಬಿದ್ದ ಶೆಡ್ಡಿನೊಳಗೆ ತಳ್ಳಿ ಬೀಗ ಹಾಕಿದರು.

ಧೂಳಿಗೆ ಉಸಿರು ಕಟ್ಟುತ್ತಿತ್ತು. ಸುಟ್ಟುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎನ್ನಿಸಿತು. ಜೇಬಿನಲ್ಲಿ ಜಪಮಾಲೆ ಇತ್ತು. ಬೆರಳು ಊದಿದ್ದವು, ಮಣಿ ಎಣಿಸಲಾಗಲಿಲ್ಲ. ಜಪ ಅರ್ಧಕ್ಕೇ ಮರೆತುಹೋಗುತ್ತಿತ್ತು. ನಡುರಾತ್ರಿ ಯಾರೋ ತಗಡಿನ ಸಂದಿಯಿಂದ ನೀರಿನ ಬಾಟಲಿ ತೂರಿಸಿದರು. ಬಳೆ ಸದ್ದು ಕೇಳಿತು. ಯಾರೆಂದು ಇಂದಿಗೂ ಗೊತ್ತಿಲ್ಲ.

ಬೆಳಿಗ್ಗೆ ಫಾದರ್ ನಾಲ್ಕು ಜನರೊಂದಿಗೆ ಹುಡುಕಿಕೊಂಡು ಬಂದರು. ಬೀಗ ತೆಗೆಸಿದರು. ದೂರು ಕೊಡಲು ಹೋದಾಗ ಠಾಣೆಯಲ್ಲಿ ಮೊದಲು ಕೇಳಿದ್ದು, "ಅಲ್ಲಿ ನಿಮಗೇನು ಕೆಲಸ? ಮತಾಂತರವಾ?" ಮೂರು ಗಂಟೆ ಕೂರಿಸಿ ದೂರು ಬರೆದುಕೊಂಡರು.

ಜೀತ ಪದ್ಧತಿ ರದ್ದಾದದ್ದು 1976ರ ಕಾಯ್ದೆಯಲ್ಲಿ. ಅದರ ಪ್ರಕಾರ ಅಂಥ ಸಾಲವನ್ನು ತೀರಿಸಬೇಕಾಗಿಯೇ ಇಲ್ಲ. ಐದನೇ ದಿನ ಉಪವಿಭಾಗಾಧಿಕಾರಿ ಬಂದು ಒಬ್ಬೊಬ್ಬರನ್ನೇ ಕರೆದು ವಿಚಾರಿಸಿದರು. ಹನ್ನೊಂದು ಜನರಿಗೆ ಬಿಡುಗಡೆ ಪತ್ರ ಸಿಕ್ಕಿತು. ಒಂದು ಕುಟುಂಬ ಹೆದರಿ, "ನಮಗೇನೂ ತೊಂದರೆ ಇಲ್ಲ" ಎಂದು ಅಲ್ಲೇ ಉಳಿಯಿತು. ತಲಾ 20,000 ರೂಪಾಯಿವರೆಗಿನ ತುರ್ತು ನೆರವು ಕೈಗೆ ಬರಲು ಏಳು ತಿಂಗಳು ಹಿಡಿಯಿತು.

ರಾಯಚೂರು ಬಸ್ ಹತ್ತುವಾಗ ಆ ತಾಯಿ ಹೆಚ್ಚೇನೂ ಹೇಳಲಿಲ್ಲ. "ಬರ್ತೀವ್ರೀ ಅಣ್ಣಾ" ಎಂದಳು. ಮಗುವಿನ ಜ್ವರ ಇಳಿದಿತ್ತು.

ನನ್ನ ಉಂಗುರದ ಬೆರಳು ಈಗಲೂ ಮಡಚುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ಆ ನಾಲ್ಕು ತಿಂಗಳು ನೆನಪಾಗುತ್ತವೆ. ಕುರ್ಚಿಯಲ್ಲಿ ಕೂತು, ಪುಣ್ಯದ ಕೆಲಸ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ.

ಈಗಲೂ ಅಕ್ಕಿ ಒಯ್ಯುತ್ತೇನೆ. ಅವರವರ ಕೈಗೇ ಕೊಡುತ್ತೇನೆ. ಕೊಡುವ ಮೊದಲು ಕೇಳುತ್ತೇನೆ: "ಸಂತೆಗೆ ಹೋಗೋಕೆ ಬಿಡ್ತಾರಾ?"